ಬ್ಯಾಡಗಿ ಮೆಣಸಿನಕಾಯಿ ದರ ಮತ್ತು ಅಂತರಜಾಲ ಶೋಧ

ಹಾವೇರಿ ಜಿಲ್ಲೆಯ ಬ್ಯಾಡಗಿ ಒಣಮೆಣಸಿನಕಾಯಿ ವಹಿವಾಟಿಗೆ ಪ್ರಸಿದ್ಧವಾದ ಮಾರುಕಟ್ಟೆಯಾಗಿದೆ. ಹಿಂದೆ ಸುತ್ತಲಿನ ರೈತರು ಇಲ್ಲಿಯ ಧಾರಣೆಯನ್ನು ದಲಾಲರು, ದಿನಪತ್ರಿಕೆ ಹಾಗೂ ಆಕಾಶವಾಣಿಯ ಮೂಲಕ ತಿಳಿಯುತ್ತಿದ್ದರು. ಕೇಂದ್ರ ಸರ್ಕಾರವು 2000ರಲ್ಲಿ ಆರಂಭಿಸಿದ ಅಗ್‌ಮಾರ್ಕ್‌ನೆಟ್ ಮತ್ತು ರಾಜ್ಯದ ಕೃಷಿ ಮಾರಾಟ ವಾಹಿನಿ ತಾಣಗಳಿಂದಾಗಿ, ರಾಣೆಬೆನ್ನೂರು ತಾಲೂಕಿನ ಕುಮಾರಪಟ್ಟಣದಲ್ಲಿ ಕುಳಿತವರೂ ಮಾಲು ಸಾಗಿಸುವ ಮೊದಲೇ ದರವನ್ನು ಹುಡುಕಿ ನೋಡಬಹುದಾಗಿದೆ.

ದರಪಟ್ಟಿಯ ಓದು
ಪಟ್ಟಿಯಲ್ಲಿ ಕನಿಷ್ಠ, ಗರಿಷ್ಠ ಮತ್ತು ಮಾದರಿ ದರಗಳಿರುತ್ತವೆ. ಮಾದರಿ ದರವೆಂದರೆ ಸರಾಸರಿಯಲ್ಲ. ಹೆಚ್ಚಿನ ಮಾಲು ಮಾರಾಟವಾದ ದರ. ಕನಿಷ್ಠ ಮತ್ತು ಗರಿಷ್ಠ ದರಗಳ ನಡುವಿನ ಅಂತರ ಮೆಣಸಿನಕಾಯಿಯಲ್ಲಿ ಬಹಳ ದೊಡ್ಡದು. ಕಡ್ಡಿ, ಡಬ್ಬಿ ಎಂಬ ತಳಿಭೇದ, ಬಣ್ಣ, ತೇವಾಂಶ, ಶೀತಲಗೃಹದಲ್ಲಿ ಕಳೆದ ಕಾಲ ಇವೆಲ್ಲವೂ ಬೆಲೆಯನ್ನು ನಿರ್ಧರಿಸುತ್ತವೆ. ಗರಿಷ್ಠ ದರವನ್ನಷ್ಟೇ ನಂಬಿ ಬಂದ ರೈತನ ಚೀಲಕ್ಕೆ ಆ ಬೆಲೆ ಸಿಗಬೇಕೆಂದಿಲ್ಲ. ನಿನ್ನೆಯ ದರವು ಇಂದಿನ ಟೆಂಡರಿಗೆ ಭರವಸೆಯೂ ಅಲ್ಲ. 2024ರ ಮಾರ್ಚ್‌ನಲ್ಲಿ ದರ ಹಠಾತ್ತನೆ ಕುಸಿದಾಗ ಆಕ್ರೋಶಗೊಂಡವರು ಮಾರುಕಟ್ಟೆ ಸಮಿತಿಯ ಕಚೇರಿಯ ಮೇಲೆ ದಾಳಿ ನಡೆಸಿ ವಾಹನಗಳಿಗೆ ಬೆಂಕಿ ಹಚ್ಚಿದ್ದರು.

ಹೆಸರಿನ ಗೊಂದಲ
ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಕಡಿಮೆ ಖಾರ ಮತ್ತು ಗಾಢ ಕೆಂಪು ಬಣ್ಣದ ಕಾರಣ ಮಸಾಲೆ ತಯಾರಕರೂ ಓಲಿಯೊರೆಸಿನ್ ಘಟಕಗಳೂ ಇದನ್ನು ಅರಸುತ್ತವೆ. ಆದರೆ ಶೋಧದಲ್ಲಿ ಬ್ಯಾಡಗಿ, ಬ್ಯಾಡಿಗೆ, ಮಹಾರಾಷ್ಟ್ರದಲ್ಲಿ ರೂಢಿಯಲ್ಲಿರುವ ಬೇಡಗಿ ಮೊದಲಾದ ರೂಪಗಳಿಗೆ ಬೇರೆ ಬೇರೆ ಫಲಿತಾಂಶಗಳು ಬರಬಹುದು. ಬಳ್ಳಾರಿ, ರಾಯಚೂರು ಮತ್ತು ಆಂಧ್ರಪ್ರದೇಶದ ಬೆಳೆಯೂ ಈ ಮಾರುಕಟ್ಟೆಗೆ ಬರುವುದರಿಂದ, ಹೆಸರನ್ನು ಹುಡುಕಿ ಕೊಳ್ಳುವ ದೂರದ ಗ್ರಾಹಕನಿಗೆ ಮಾಲು ಬೆಳೆದ ಊರು ತಿಳಿಯುವುದಿಲ್ಲ.