ಶಾಸ್ತ್ರದಾನ ಮತ್ತು ಅಂಧ ವಿದ್ಯಾರ್ಥಿ

ಸೇಡಂ ತಾಲ್ಲೂಕಿನ ಮಳಖೇಡ ಇಂದು ಕಾಗಿಣಾ ನದಿಯ ದಡದ ಒಂದು ಸಾಧಾರಣ ಊರು. ಅದು ಮಾನ್ಯಖೇಟವೆಂಬ ಹೆಸರಿನಿಂದ ರಾಷ್ಟ್ರಕೂಟರ ರಾಜಧಾನಿಯಾಗಿದ್ದಾಗ, ಮೂರನೆಯ ಕೃಷ್ಣನಿಂದ ‘ಉಭಯಕವಿಚಕ್ರವರ್ತಿ’ ಎಂಬ ಬಿರುದನ್ನು ಪಡೆದ ಪೊನ್ನನು ಶಾಂತಿಪುರಾಣವನ್ನು ರಚಿಸಿದನು. ಬರೆಸಿದವರು ಮಲ್ಲಪ ಮತ್ತು ಪುನ್ನಮಯ್ಯ ಎಂಬ ಸಹೋದರರು. ೯೭೨ರಲ್ಲಿ ಪರಮಾರ ಸೀಯಕನ ದಾಳಿಗೆ ಸಿಕ್ಕಿ ರಾಜಧಾನಿ ಸೂರೆಹೋಯಿತು. ಪೊನ್ನನ ಕೃತಿ ಉಳಿಯಿತು. ಮಲ್ಲಪನ ಮಗಳಾದ ದಾನಚಿಂತಾಮಣಿ ಅತ್ತಿಮಬ್ಬೆಯು ಅದರ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ನಮ್ಮೆಲ್ಲರಿಗೂ ತಿಳಿದ ಸಂಗತಿ.

ತಿಳಿದ ಸಂಗತಿಯಾದ್ದರಿಂದಲೇ ಅದರ ಶ್ರಮವನ್ನು ನಾವು ಮರೆಯುತ್ತೇವೆ. ಒಂದೊಂದು ಓಲೆಯ ಮೇಲೂ ಕಂಟದಿಂದ ಅಕ್ಷರ ಕೊರೆದು, ಮಸಿ ತೀಡಿ, ತಪ್ಪು ನೋಡಿ, ದಾರ ಪೋಣಿಸಿದ ಲಿಪಿಕಾರರು ಎಷ್ಟು ಮಂದಿಯೋ! ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ನಾಲ್ಕನೆಯದು ಗ್ರಂಥವನ್ನು ಕೈಗಿತ್ತ ಮಾತ್ರಕ್ಕೆ ಪೂರ್ಣವಾಗದು. ಪಡೆದವನು ಅದನ್ನು ಓದಬಲ್ಲವನಾಗಿರಬೇಕು. ಓದಲು ಕಣ್ಣೇ ಇಲ್ಲದವನಿಗೆ ಯಾವ ಪ್ರತಿಯನ್ನು ಕೊಡುವುದು?

ಮಳಖೇಡದಿಂದ ಈಶಾನ್ಯಕ್ಕೆ, ಚಿಂಚೋಳಿಯ ಕಾಡನ್ನು ಹಾಯ್ದು ತೆಲಂಗಾಣದ ಗಡಿಗೆ ಹೋದರೆ ಕುಂಚಾವರಂ ಸಿಗುತ್ತದೆ. ಅಲ್ಲಿಯ ಅಂಧ ಬಾಲಕನೊಬ್ಬನು ಪದವಿ ಓದಬೇಕೆಂದು ಬಯಸಿದನೆನ್ನೋಣ. ಅವನ ತಾತನ ಕಾಲದಲ್ಲಿ ಆ ಬಯಕೆಗೆ ನೆಲೆಯೇ ಇರಲಿಲ್ಲ. ಮೈಸೂರಿನಲ್ಲಿ ಎಂ. ಶ್ರೀನಿವಾಸರಾಯರು ಅಂಧ ಮತ್ತು ಕಿವುಡ ಮಕ್ಕಳ ಶಾಲೆಯನ್ನು ೧೯೦೧ರಲ್ಲಿಯೇ ಆರಂಭಿಸಿದ್ದರೂ, ಈ ಸೀಮೆ ೧೯೪೮ರವರೆಗೆ ನಿಜಾಮರ ಆಡಳಿತದಲ್ಲಿದ್ದಿತು. ಗುಲಬರ್ಗಾ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು ೧೯೮೦ರಲ್ಲಿ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ ೨೦೦೯ರಲ್ಲಿ.

ಉತ್ತರ ಕರ್ನಾಟಕದಲ್ಲಿ ಅಂಧರಿಗೆ ವಿದ್ಯೆಯೆಂದರೆ ಬಹುಕಾಲ ಗದುಗಿನ ವೀರೇಶ್ವರ ಪುಣ್ಯಾಶ್ರಮವೇ ಆಗಿತ್ತು. ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳು, ೧೯೪೪ರಲ್ಲಿ ಅವರು ಕಾಲವಾದ ಮೇಲೆ ಅಂಧರೇ ಆದ ಪುಟ್ಟರಾಜ ಗವಾಯಿಗಳು, ಅನಾಥರನ್ನೂ ಅಂಧರನ್ನೂ ಕರೆತಂದು ಅನ್ನವಿಟ್ಟು ಸಂಗೀತವನ್ನು ಧಾರೆಯೆರೆದರು. ಅತ್ತಿಮಬ್ಬೆ ಬಸದಿ ಕಟ್ಟಿಸಿದ ಲಕ್ಕುಂಡಿ ಅಲ್ಲಿಗೆ ಕೂಗಳತೆಯಲ್ಲಿದೆ. ಆ ಉಪಕಾರಕ್ಕೆ ಬೆಲೆ ಕಟ್ಟಲಾಗದು. ಆದರೆ ಉಳಿದ ಸಮಾಜ ಮಾಡಿದ್ದೇನು? ಕುರುಡನಿಗೆ ಹಾಡು ಬಂದರೆ ಸಾಕೆಂದು ನೆಮ್ಮದಿಯಿಂದಿತ್ತು. ಇತಿಹಾಸ, ನ್ಯಾಯಶಾಸ್ತ್ರ, ಅರ್ಥಶಾಸ್ತ್ರಗಳ ಬಾಗಿಲು ಅವನಿಗೂ ಇದೆಯೆಂದು ಯಾರೂ ಎಣಿಸಲಿಲ್ಲ.

ಬಾಗಿಲಿನ ಬೀಗದ ಕೈ ಲಿಪಿಯಲ್ಲಿತ್ತು. ಲೂಯಿ ಬ್ರೈಲ್ (೧೮೦೯-೧೮೫೨) ರೂಪಿಸಿದ ಆರು ಚುಕ್ಕಿಗಳ ಲಿಪಿಯನ್ನು ಭಾರತದ ಭಾಷೆಗಳಿಗೆಲ್ಲ ಹೊಂದಿಸಿದ ‘ಭಾರತಿ ಬ್ರೈಲ್’ ೧೯೫೧ರಲ್ಲಿ ಅಂಗೀಕೃತವಾಯಿತು. ಅದರಲ್ಲಿ ಕನ್ನಡದ ‘ಕ’ಕಾರಕ್ಕೂ ತೆಲುಗಿನ ‘ಕ’ಕಾರಕ್ಕೂ ಚುಕ್ಕಿಗಳು ಒಂದೇ. ಎರಡೂ ನುಡಿಗಳು ಬೆರೆಯುವ ಕುಂಚಾವರಂನಂತಹ ಗಡಿಯೂರಿಗೆ ಇದು ಸಣ್ಣ ಅನುಕೂಲವಲ್ಲ. ಆದರೆ ಬ್ರೈಲ್ ಪುಸ್ತಕ ಗಾತ್ರದಲ್ಲಿ ದೊಡ್ಡದು. ಮುದ್ರಿತ ಗ್ರಂಥವೊಂದು ಅಲ್ಲಿ ಹಲವು ಸಂಪುಟಗಳಾಗುತ್ತದೆ. ಶಾಲೆಯ ಪಠ್ಯಗಳು ದೊರೆತರೂ ಪದವಿ ತರಗತಿಯ ಗ್ರಂಥಗಳು ದೊರೆಯುವುದು ದುರ್ಲಭ. ಆದ್ದರಿಂದ ಅಂಧ ವಿದ್ಯಾರ್ಥಿ ಓದಿ ಹೇಳುವ ಸ್ನೇಹಿತನನ್ನೇ ನಂಬಬೇಕಾಯಿತು.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆಯಿದೆ. ಕಾಲೇಜಿನಲ್ಲಿದ್ದಾಗ ಅಂಧ ಸಹಪಾಠಿಯೊಬ್ಬನಿಗೆ ನಾನು ಸಂಜೆಯ ಹೊತ್ತು ಇತಿಹಾಸದ ಪಠ್ಯವನ್ನು ಓದಿ ಹೇಳುತ್ತಿದ್ದೆ. ಪುಣ್ಯಕಾರ್ಯವೆಂಬ ಹೆಮ್ಮೆಯೂ ಇತ್ತು. ಬೇಸರವಾದ ದಿನ ಎರಡು ಮೂರು ಪುಟಗಳನ್ನು ಹಾರಿಸಿ ಮುಂದಿನ ಅಧ್ಯಾಯಕ್ಕೆ ಹೋದದ್ದುಂಟು. ಅದನ್ನು ತಿಳಿಯುವ ಉಪಾಯ ಅವನಿಗಿರಲಿಲ್ಲ. ಪ್ರತಿದಿನ ಕೃತಜ್ಞತೆಯನ್ನೇ ಹೇಳುತ್ತಿದ್ದನು. ಅಚೌರ್ಯವ್ರತದ ವಿಷಯವಾಗಿ ಎಷ್ಟೋ ಪ್ರವಚನಗಳನ್ನು ಕೇಳಿದ್ದ ನನಗೆ ಅದು ಕಳವೆಂದು ಹೊಳೆದದ್ದು ಬಹಳ ವರ್ಷಗಳ ನಂತರ.

ಕೊಡುವವನ ಮನಸ್ಸಿಗೆ ಕಟ್ಟುಬಿದ್ದ ವಿದ್ಯೆಯನ್ನು ಹಕ್ಕಾಗಿ ಮಾಡಿದ್ದು ಕಾನೂನು. ೧೯೯೫ರ ಅಂಗವಿಕಲರ ಅಧಿನಿಯಮವು ಸರ್ಕಾರಿ ಹಾಗೂ ಅನುದಾನಿತ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡ ೩ರಷ್ಟು ಸ್ಥಾನಗಳನ್ನು ಮೀಸಲಿಟ್ಟಿತು. ೨೦೧೬ರ ಅಧಿನಿಯಮ ಉನ್ನತ ಶಿಕ್ಷಣದಲ್ಲಿ ಅದನ್ನು ಕನಿಷ್ಠ ಶೇಕಡ ೫ಕ್ಕೆ ಏರಿಸಿ, ಪ್ರವೇಶದ ವಯೋಮಿತಿಯಲ್ಲಿ ಐದು ವರ್ಷಗಳ ರಿಯಾಯಿತಿಯನ್ನೂ ಕೊಟ್ಟಿತು. ೨೦೧೩ರ ಕೇಂದ್ರ ಸರ್ಕಾರದ ಮಾರ್ಗಸೂಚಿಯು ಪರೀಕ್ಷೆಯಲ್ಲಿ ಗಂಟೆಗೆ ೨೦ ನಿಮಿಷಕ್ಕೆ ಕಡಿಮೆಯಿಲ್ಲದ ಹೆಚ್ಚುವರಿ ಕಾಲವನ್ನೂ, ಉತ್ತರ ಬರೆಯುವ ಲಿಪಿಕಾರನನ್ನು ತಾನೇ ಕರೆತರುವ ಅವಕಾಶವನ್ನೂ ವಿಧಿಸಿತು. ಬರೆಯುವಾಗ ಕೈ ಸೆಟೆದುಕೊಳ್ಳುವ ವಿಕಾಸ್ ಕುಮಾರ್ ಎಂಬ ಅಭ್ಯರ್ಥಿಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೨೦೨೧ರಲ್ಲಿ, ಈ ನೆರವಿಗೆ ಶೇಕಡ ೪೦ರ ವೈಕಲ್ಯದ ಅಳತೆಗೋಲು ಅಡ್ಡಬರಬಾರದೆಂದು ತೀರ್ಪಿತ್ತಿತು. ಓಲೆಗರಿಯ ಕಾಲದ ‘ಲಿಪಿಕಾರ’ನೆಂಬ ಹೆಸರು ಪರೀಕ್ಷಾ ಕೊಠಡಿಯಲ್ಲಿ ಮರುಹುಟ್ಟು ಪಡೆದಿರುವುದು ನನಗಂತೂ ಪ್ರಿಯವಾದ ಸಂಗತಿ.

ಪುಸ್ತಕದ ಮಾತು ಉಳಿಯಿತು. ೨೦೧೨ರ ಕೃತಿಸ್ವಾಮ್ಯ ತಿದ್ದುಪಡಿಯ ಪ್ರಕಾರ ಅಂಗವಿಕಲರು ಓದಬಲ್ಲ ರೂಪಕ್ಕೆ ಗ್ರಂಥವನ್ನು ಪರಿವರ್ತಿಸಲು ಪ್ರಕಾಶಕರ ಅಪ್ಪಣೆ ಬೇಕಿಲ್ಲ. ಇದೇ ಉದ್ದೇಶದ ಮರಕೇಶ್ ಅಂತರರಾಷ್ಟ್ರೀಯ ಒಪ್ಪಂದವನ್ನು ೨೦೧೪ರಲ್ಲಿ ಮೊಟ್ಟಮೊದಲು ಸ್ಥಿರೀಕರಿಸಿದ ರಾಷ್ಟ್ರ ಭಾರತವೇ. ಪರದೆಯ ಮೇಲಿನ ಅಕ್ಷರವನ್ನು ಧ್ವನಿಯಾಗಿಸುವ ತಂತ್ರಾಂಶಗಳು ಕನ್ನಡವನ್ನೂ ಓದುತ್ತವೆ. ತೊಡಕಿರುವುದು ನಾವು ಕೊಡುವ ಪ್ರತಿಯಲ್ಲಿ. ಟಿಪ್ಪಣಿಯ ಪುಟವನ್ನು ಚಿತ್ರವಾಗಿ ತೆಗೆದು ಕಳುಹಿಸಿದರೆ ತಂತ್ರಾಂಶಕ್ಕೆ ಅದು ಬರಿಯ ಚಿತ್ರ. ಹಳೆಯ ಕನ್ನಡ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚು ಮಾಡಿದ್ದು ಅರ್ಥವಿಲ್ಲದ ಗೊಣಗಾಟವಾಗಿ ಕೇಳಿಸುತ್ತದೆ. ಯೂನಿಕೋಡ್‌ನಲ್ಲಿ ಬರೆದುದು ಮಾತ್ರ ಸ್ಪಷ್ಟವಾಗಿ ನುಡಿಯುತ್ತದೆ.

ಸಹಪಾಠಿಯೊಬ್ಬಳು ಕಲಬುರಗಿಯ ವಸತಿನಿಲಯದಲ್ಲಿ ಕುಳಿತು ಒಂದು ಅಧ್ಯಾಯವನ್ನು ಹಾಗೆ ಬೆರಳಚ್ಚು ಮಾಡಲು ಎರಡು ಸಂಜೆಗಳು ಹಿಡಿಯಬಹುದು. ಆ ಪ್ರತಿ ಕುಂಚಾವರಂ ಮುಟ್ಟಿದ ಮೇಲೆ ಹುಡುಗನು ಬೇಕಾದ ಪುಟಕ್ಕೆ ತಾನೇ ಹೋಗುತ್ತಾನೆ. ಬಿಟ್ಟುಹೋದ ಪುಟವಿದ್ದರೆ ಅದನ್ನೂ ತಾನೇ ಕಂಡುಹಿಡಿಯುತ್ತಾನೆ.