ಸೂಪರ್ ವೀಸಾ ಮತ್ತು ತೆರಿಗೆ ಹೊಣೆ (ಟೊರಾಂಟೊ ಮಹಾನಗರ ಪ್ರದೇಶ)

ಸೂಪರ್ ವೀಸಾ: ಕೆನಡಾದ ಪೌರರ ಅಥವಾ ಕಾಯಂ ನಿವಾಸಿಗಳ ತಂದೆತಾಯಿಗೂ ಅಜ್ಜ ಅಜ್ಜಿಯರಿಗೂ ಆ ದೇಶ ನೀಡುವ ದೀರ್ಘಾವಧಿ ಭೇಟಿ ವೀಸಾ. ಇದರ ಚಾಲ್ತಿ ಗರಿಷ್ಠ 10 ವರ್ಷ. ಒಮ್ಮೆ ಬಂದರೆ 5 ವರ್ಷದವರೆಗೆ ತಂಗಬಹುದು. ಟೊರಾಂಟೊ, ಮಿಸಿಸಾಗ, ಬ್ರಾಂಪ್ಟನ್, ಮಿಲ್ಟನ್, ಮಾರ್ಕಮ್ ಮೊದಲಾದ ಊರುಗಳ ಕನ್ನಡ ಕುಟುಂಬಗಳಿಗೆ ಬಾಣಂತನಕ್ಕೋ ಮೊಮ್ಮಕ್ಕಳ ಪಾಲನೆಗೋ ಕರ್ನಾಟಕದಿಂದ ಬರುವ ಹಿರಿಯರ ಮುಂದಿರುವ ಮುಖ್ಯ ಆಯ್ಕೆಗಳಲ್ಲಿ ಇದೂ ಒಂದು. ಎಷ್ಟು ಕಾಲ ಇರಬಹುದು ಎಂಬುದನ್ನಷ್ಟೇ ವೀಸಾ ಹೇಳುತ್ತದೆ. ತೆರಿಗೆ ಯಾರಿಗೆ ಸಲ್ಲಬೇಕು ಎಂಬುದನ್ನು ಎರಡೂ ದೇಶಗಳ ತೆರಿಗೆ ಕಾನೂನುಗಳು ಬೇರೆಯಾಗಿಯೇ ನಿರ್ಧರಿಸುತ್ತವೆ.

ಹಿನ್ನೆಲೆ

ತಂದೆತಾಯಿಯನ್ನು ಕಾಯಂ ವಾಸಕ್ಕೆ ಕರೆಸಿಕೊಳ್ಳುವ ಅರ್ಜಿಗಳು ರಾಶಿಬಿದ್ದಾಗ, 2011ರ ನವೆಂಬರಿನಲ್ಲಿ ಕೆನಡಾ ಸರ್ಕಾರ ಹೊಸ ಅರ್ಜಿಗಳನ್ನು ತಡೆಹಿಡಿಯಿತು. ಅದೇ ವರ್ಷದ ಡಿಸೆಂಬರ್ 1ರಂದು ಸೂಪರ್ ವೀಸಾ ಜಾರಿಗೆ ಬಂತು. ಆಗ ಒಂದು ಪ್ರವೇಶಕ್ಕೆ 2 ವರ್ಷದ ವಾಸ ಸಿಗುತ್ತಿತ್ತು. 2022ರ ಜುಲೈ 4ರಿಂದ ಅದು 5 ವರ್ಷಕ್ಕೆ ಏರಿತು.

ಆಯ್ಕೆಗಳು

ಸಾಮಾನ್ಯ ವಿಸಿಟರ್ ವೀಸಾದಲ್ಲಿ ಒಂದು ಪ್ರವೇಶಕ್ಕೆ ಸಾಧಾರಣವಾಗಿ 6 ತಿಂಗಳ ವಾಸ ಸಿಗುತ್ತದೆ. ಚಳಿಗಾಲಕ್ಕೆ ಮುಂಚೆ ಊರಿಗೆ ಮರಳುವವರಿಗೆ ಇಷ್ಟು ಸಾಕು.

ಸೂಪರ್ ವೀಸಾಕ್ಕೆ ಕೆನಡಾದ ಹೊರಗಿನಿಂದ ಅರ್ಜಿ ಹಾಕಬೇಕು. ಮಗ, ಮಗಳು ಅಥವಾ ಮೊಮ್ಮಕ್ಕಳ ಆಹ್ವಾನ ಪತ್ರ, ಅವರಿಗೆ ನಿಗದಿತ ಕನಿಷ್ಠ ಆದಾಯವಿದೆ ಎಂಬುದಕ್ಕೆ ಪುರಾವೆ, ವೈದ್ಯಕೀಯ ತಪಾಸಣೆ, ಕನಿಷ್ಠ 1 ಲಕ್ಷ ಡಾಲರ್ ಮೊತ್ತದ ಒಂದು ವರ್ಷದ ಆರೋಗ್ಯ ವಿಮೆ ಇವೆಲ್ಲ ಬೇಕು. ಒಂಟಾರಿಯೊ ಪ್ರಾಂತ್ಯದ ಸರ್ಕಾರಿ ಆರೋಗ್ಯ ವಿಮೆ ಓಹಿಪ್ ಈ ವೀಸಾದವರಿಗೆ ಸಿಗುವುದಿಲ್ಲ.

ಮೂರನೆಯದು ಪ್ರಾಯೋಜನೆಯ ಮೂಲಕ ಕಾಯಂ ವಾಸ, ಅಂದರೆ ಪಿ.ಆರ್. ಇದರಲ್ಲಿ ಓಹಿಪ್ ಸಿಗುತ್ತದೆ. ಪ್ರಾಯೋಜಕರು ಮಾತ್ರ 20 ವರ್ಷ ಹಿರಿಯರ ಜೀವನಾಧಾರದ ಹೊಣೆ ಹೊರಬೇಕು. 2021ರಿಂದ 2025ರವರೆಗಿನ ಆಹ್ವಾನಗಳೆಲ್ಲ 2020ರಲ್ಲಿ ಹೆಸರು ನೋಂದಾಯಿಸಿದವರ ಪಟ್ಟಿಯಿಂದಲೇ ಹೋದವು. ಆ ಪಟ್ಟಿಯಲ್ಲಿಲ್ಲದ ಕುಟುಂಬಗಳು ಸೂಪರ್ ವೀಸಾದತ್ತ ಹೊರಳಲು ಇದೂ ಕಾರಣ.

ಕೆನಡಾದ ತೆರಿಗೆ

ಕೆನಡಾ ತೆರಿಗೆ ಹಾಕುವುದು ಪೌರತ್ವ ನೋಡಿ ಅಲ್ಲ, ವಾಸ ನೋಡಿ. ಜನವರಿಯಿಂದ ಡಿಸೆಂಬರ್‌ವರೆಗಿನ ವರ್ಷದಲ್ಲಿ 183 ದಿನ ಅಥವಾ ಹೆಚ್ಚು ತಂಗಿದ ಭೇಟಿಗಾರರನ್ನು ಆದಾಯ ತೆರಿಗೆ ಕಾಯಿದೆ ಆ ಇಡೀ ವರ್ಷಕ್ಕೆ ನಿವಾಸಿಯೆಂದು ಪರಿಗಣಿಸುತ್ತದೆ. ಹಾಗಾದಾಗ ಜಗತ್ತಿನ ಎಲ್ಲ ಕಡೆಯ ಆದಾಯವೂ ಲೆಕ್ಕಕ್ಕೆ ಬರುತ್ತದೆ: ಬೆಂಗಳೂರಿನ ಮನೆ ಬಾಡಿಗೆ, ಠೇವಣಿಯ ಬಡ್ಡಿ, ತೀರ್ಥಹಳ್ಳಿಯ ಅಡಿಕೆ ತೋಟದ ಉತ್ಪತ್ತಿ. ಕೃಷಿ ಆದಾಯಕ್ಕೆ ಭಾರತದಲ್ಲಿರುವ ವಿನಾಯಿತಿ ಕೆನಡಾದಲ್ಲಿ ಇಲ್ಲ. ಭಾರತದಲ್ಲಿ ಆ ಆದಾಯಕ್ಕೆ ತೆರಿಗೆಯನ್ನೇ ಕಟ್ಟಿರುವುದಿಲ್ಲವಾದ್ದರಿಂದ ಕೆನಡಾದ ತೆರಿಗೆಯಿಂದ ಕಳೆಯಲು ಏನೂ ಇರುವುದಿಲ್ಲ.

ಪಿ.ಆರ್. ಪಡೆದು ನೆಲೆಸಿದವರು ಬಂದ ದಿನದಿಂದಲೇ ನಿವಾಸಿಗಳು. ಊರಿನ ಆಸ್ತಿಯನ್ನು ಅವರು ಆ ದಿನದ ಮಾರುಕಟ್ಟೆ ಬೆಲೆಗೆ ಕೊಂಡಂತೆ ಕಾನೂನು ಭಾವಿಸುತ್ತದೆ. ಮುಂದೆ ಮಾರಿದಾಗ ಬಂದ ಲಾಭಕ್ಕೆ ಆ ಬೆಲೆಯೇ ಆಧಾರ. ಹಾಗಾಗಿ ಹೊರಡುವ ಮುನ್ನ ಸೈಟು, ಮನೆ, ಷೇರುಗಳ ಬೆಲೆ ಕಟ್ಟಿಸಿಡುವುದು ಲಾಭದಾಯಕ.

ಭಾರತದ ತೆರಿಗೆ

ಭಾರತದ ಲೆಕ್ಕ ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ವರ್ಷದಲ್ಲಿ 182 ದಿನ ದೇಶದಲ್ಲಿದ್ದವರು ನಿವಾಸಿಗಳು. ಅಷ್ಟು ದಿನ ಇಲ್ಲದಿದ್ದರೂ, ಆ ವರ್ಷ 60 ದಿನ ಹಾಗೂ ಹಿಂದಿನ 4 ವರ್ಷಗಳಲ್ಲಿ ಒಟ್ಟು 365 ದಿನ ಇದ್ದವರೂ ನಿವಾಸಿಗಳೇ. ಹೊರದೇಶದಲ್ಲಿ ನೆಲೆಸಿ ತಾಯ್ನಾಡಿಗೆ ಭೇಟಿಗೆಂದು ಬರುವವರಿಗೆ ಈ 60 ದಿನದ ಮಿತಿಯಲ್ಲಿ ಸಡಿಲಿಕೆಯಿದೆ. ಮಕ್ಕಳನ್ನು ನೋಡಿ ಸ್ವಂತ ಮನೆಗೆ ಮರಳುವವರ ಸ್ಥಿತಿ ಬೇರೆ.

ಅನಿವಾಸಿಯಾದರೆ ನಷ್ಟವೂ ಇದೆ. ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷ ರೂಪಾಯಿವರೆಗಿನ ಆದಾಯಕ್ಕೆ ತೆರಿಗೆ ಬೀಳದಂತೆ ಮಾಡುವ ರಿಯಾಯಿತಿ ನಿವಾಸಿಗಳಿಗೆ ಮಾತ್ರ. ಟಿ.ಡಿ.ಎಸ್., ಅಂದರೆ ಮೂಲದಲ್ಲೇ ಮುರಿಯುವ ತೆರಿಗೆ, ಕಡಿಯದಂತೆ ಬ್ಯಾಂಕಿಗೆ ಕೊಡುವ ಸ್ವಘೋಷಣೆಯ ನಮೂನೆಯೂ ಅಷ್ಟೆ. ಅನಿವಾಸಿಗಳು ಭಾರತದಲ್ಲಿಡುವ ಎನ್.ಆರ್.ಓ. ಠೇವಣಿಯ ಬಡ್ಡಿಯಿಂದ ಬ್ಯಾಂಕು ಶೇ. 30ರಷ್ಟು ತೆರಿಗೆಯನ್ನು ಸೆಸ್ ಸಮೇತ ಮುರಿದುಕೊಳ್ಳುತ್ತದೆ. ಎರಡು ದೇಶಗಳ ನಡುವಿನ ತೆರಿಗೆ ಒಪ್ಪಂದದ ದಾಖಲೆ ಒದಗಿಸಿದರೆ ಅದು ಶೇ. 15ಕ್ಕೆ ಇಳಿಯುತ್ತದೆ.

ದಿನಗಳ ಲೆಕ್ಕ

ಎರಡು ದೇಶಗಳ ತೆರಿಗೆ ವರ್ಷ ಬೇರೆಬೇರೆ ಇರುವುದರಿಂದ ಬರುವ ತಿಂಗಳೂ ಮುಖ್ಯ. ಮೇ 1ಕ್ಕೆ ಬಂದು ಅಕ್ಟೋಬರ್ 25ಕ್ಕೆ ಹೊರಟರೆ 178 ದಿನ. ಕೆನಡಾದ ಮಿತಿಯೊಳಗೇ ಉಳಿದಂತಾಯಿತು. ನವೆಂಬರ್ 10ರವರೆಗೆ ಇದ್ದರೆ 194 ದಿನವಾಗಿ ಮಿತಿ ದಾಟುತ್ತದೆ. ಅದೇ ಸೆಪ್ಟೆಂಬರ್ 1ಕ್ಕೆ ಬಂದು ಮರುವರ್ಷ ಮೇ 31ಕ್ಕೆ ಹೊರಟವರು 273 ದಿನ ಇದ್ದರೂ, ಮೊದಲ ವರ್ಷಕ್ಕೆ 122, ಎರಡನೆಯದಕ್ಕೆ 151 ದಿನ ಬಿದ್ದು, ಬೇರೆ ಪ್ರವಾಸವಿಲ್ಲದಿದ್ದರೆ ಎರಡೂ ವರ್ಷ ಮಿತಿಯೊಳಗೇ ಇರುತ್ತಾರೆ.

ಒಪ್ಪಂದ

ಎರಡೂ ದೇಶ ಒಬ್ಬರನ್ನೇ ನಿವಾಸಿ ಎಂದಾಗ 1996ರ ಭಾರತ–ಕೆನಡಾ ತೆರಿಗೆ ಒಪ್ಪಂದ ನೆರವಿಗೆ ಬರುತ್ತದೆ. ಅದು ಕ್ರಮವಾಗಿ ನಾಲ್ಕು ವಿಷಯ ನೋಡುತ್ತದೆ: ಕಾಯಂ ಮನೆ, ವೈಯಕ್ತಿಕ ಮತ್ತು ಆರ್ಥಿಕ ಸಂಬಂಧಗಳ ಕೇಂದ್ರ, ರೂಢಿಯ ವಾಸಸ್ಥಳ, ಪೌರತ್ವ. ಮೈಸೂರಿನ ಮನೆಯನ್ನು ಬಾಡಿಗೆಗೆ ಕೊಡದೆ ತಮಗಾಗಿ ಉಳಿಸಿಕೊಂಡವರ ವಾದ ಗಟ್ಟಿ. ಮನೆ ಮಾರಿ ಮಗನ ಜೊತೆ ವರ್ಷಗಟ್ಟಲೆ ಇದ್ದವರ ವಾದ ಸಡಿಲವಾಗುತ್ತದೆ. ಒಪ್ಪಂದದ ಪ್ರಕಾರ ಭಾರತದ ನಿವಾಸಿಯೆಂದು ತೀರ್ಮಾನವಾದರೆ ಕೆನಡಾ ಅವರನ್ನು ಅನಿವಾಸಿಯೆಂದೇ ಪರಿಗಣಿಸುತ್ತದೆ. ಸಂದೇಹವಿದ್ದವರು ಕೆನಡಾ ರೆವಿನ್ಯೂ ಏಜೆನ್ಸಿಗೆ ಎನ್.ಆರ್. 74 ನಮೂನೆ ಸಲ್ಲಿಸಿ ಅಭಿಪ್ರಾಯ ಕೇಳಬಹುದು.

ಮನೆ ಖರೀದಿ

ಮಕ್ಕಳು ಮನೆ ಕೊಳ್ಳುವಾಗ ತಂದೆತಾಯಿಯ ಹೆಸರು ಸೇರಿಸುವುದು ದುಬಾರಿಯಾಗಬಹುದು. ಕೊಳ್ಳುವವರಲ್ಲಿ ಒಬ್ಬರು ವಿದೇಶಿ ಪ್ರಜೆಯಾದರೂ ಒಂಟಾರಿಯೊ ಪೂರ್ತಿ ಬೆಲೆಯ ಮೇಲೆ ಶೇ. 25ರ ಅನಿವಾಸಿ ತೆರಿಗೆ ಹಾಕುತ್ತದೆ; ಟೊರಾಂಟೊ ನಗರ 2025ರಿಂದ ಇನ್ನೂ ಶೇ. 10 ಸೇರಿಸಿದೆ. ಇದಲ್ಲದೆ ವಿದೇಶಿಯರು ವಾಸದ ಮನೆ ಕೊಳ್ಳುವುದಕ್ಕೆ 2023ರಲ್ಲಿ ಬಂದ ನಿಷೇಧವನ್ನು ಒಕ್ಕೂಟ ಸರ್ಕಾರ 2027ರ ಜನವರಿ 1ರವರೆಗೆ ವಿಸ್ತರಿಸಿದೆ.