ಕ್ರಿಸ್‌ಮಸ್ ಕಳೆ: ರಜೆ, ಬೋನಸ್ ಮತ್ತು ಒಂದು ತಟ್ಟೆ ಕುಸ್ವಾರ್

ನಕ್ಷತ್ರ, ಗೋದಲಿ, ಕೇಕು ಎಲ್ಲ ಇದ್ದರೂ ದುಡಿಯುವವರಿಗೆ ಬಿಡುವು, ಕೈಯಲ್ಲಿ ನಾಲ್ಕು ಕಾಸು ಇಲ್ಲದಿದ್ರೆ ಕ್ರಿಸ್‌ಮಸ್‌ಗೆ ಕಳೆ ಬರಲ್ಲ. ಹಾಗಾಗಿಯೇ ಈ ಹಬ್ಬದ ಚರಿತ್ರೆಯಲ್ಲಿ ರಜೆಯ ಜಗಳವೂ ಇದೆ.

1647ರಲ್ಲಿ ಪ್ಯೂರಿಟನ್ನರ ಹಿಡಿತದಲ್ಲಿದ್ದ ಇಂಗ್ಲೆಂಡಿನ ಪಾರ್ಲಿಮೆಂಟು ಕ್ರಿಸ್‌ಮಸ್ಸನ್ನೇ ರದ್ದು ಮಾಡಿತು. ಬೈಬಲಿನಲ್ಲಿಲ್ಲದ ಹಬ್ಬ, ಕುಡಿದು ಕುಣಿಯೋಕೆ ನೆಪ ಅನ್ನೋದು ಅವರ ವಾದ. ಅಂದು ಅಂಗಡಿ ತೆರೆಯಲೇಬೇಕು ಎಂದಾಗ ಕ್ಯಾಂಟರ್ಬರಿಯಲ್ಲಿ ಜನ ದಂಗೆ ಎದ್ದರು. ತೆರೆದ ಅಂಗಡಿಗಳ ಸಾಮಾನು ಬೀದಿಗೆ ಬಿತ್ತು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1659ರಿಂದ 1681ರವರೆಗೆ ಹಬ್ಬ ಮಾಡಿದವರಿಗೆ 5 ಶಿಲ್ಲಿಂಗ್ ದಂಡ. ನಿಷೇಧ ಹೇರಿದವರೂ ಕ್ರೈಸ್ತರೇ, ಗಮನಿಸಿ. ಸ್ಕಾಟ್ಲೆಂಡಿನಲ್ಲಿ ಇದು ಸಾರ್ವಜನಿಕ ರಜೆಯಾಗಿದ್ದು 1958ರಲ್ಲಿ. ಕ್ಯೂಬಾ 1969ರಲ್ಲಿ ಕಬ್ಬು ಕಟಾವಿನ ಕಾರಣ ಕೊಟ್ಟು ರಜೆ ತೆಗೆದುಹಾಕಿತು. 1997ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಭೇಟಿಗೆ ಮುಂಚೆ ಅದು ಮರಳಿತು.

ಫಿಲಿಪೀನ್ಸ್ ಕತೆ ಇನ್ನೂ ಸ್ವಾರಸ್ಯ. ಅಲ್ಲಿ ಸೆಪ್ಟೆಂಬರಿನಲ್ಲೇ ಕ್ರಿಸ್‌ಮಸ್ ಹಾಡು ಶುರು. ಡಿಸೆಂಬರ್ 16ರಿಂದ 24ರವರೆಗೆ ಒಂಬತ್ತು ದಿನ ‘ಸಿಂಬಾಂಗ್ ಗಬಿ’ ಎಂಬ ನಸುಕಿನ ಬಲಿಪೂಜೆ. ರೈತರು ಹೊಲಕ್ಕಿಳಿಯೋ ಮುಂಚೆ ಬರಲಿ ಅಂತ ಆ ಹೊತ್ತು. ಚರ್ಚಿನ ಹೊರಗೆ ಮೇಲೂ ಕೆಳಗೂ ಕೆಂಡ ಇಟ್ಟು ಬೇಯಿಸಿದ ಅಕ್ಕಿ-ತೆಂಗಿನ ಹಾಲಿನ ‘ಬಿಬಿಂಗ್ಕಾ’ ಬಿಸಿಬಿಸಿ ಸಿಗುತ್ತೆ. ಇದರ ಜೊತೆ ಕಾನೂನೂ ಇದೆ: ಡಿಸೆಂಬರ್ 24ರೊಳಗೆ ನೌಕರರಿಗೆ ‘ಹದಿಮೂರನೇ ತಿಂಗಳ ಸಂಬಳ’ ಕೊಡಲೇಬೇಕು. 1975ರಲ್ಲಿ ಈ ಆದೇಶ ಹೊರಡಿಸಿದ್ದು ಸರ್ವಾಧಿಕಾರಿ ಮಾರ್ಕೋಸ್. 1986ರಲ್ಲಿ ಅವರ ಜಾಗಕ್ಕೆ ಬಂದ ಕೊರಾಜೋನ್ ಅಕ್ವಿನೊ ಇದನ್ನು ಕೈಬಿಡಲಿಲ್ಲ, ಸಂಬಳದ ಮಿತಿ ತೆಗೆದು ಇನ್ನಷ್ಟು ಜನರಿಗೆ ಹಿಗ್ಗಿಸಿದರು.

ಜಪಾನಿನಲ್ಲಿ ಕ್ರೈಸ್ತರು ಬೆರಳೆಣಿಕೆ, ಅಂದು ರಜೆಯೂ ಇಲ್ಲ. 1974ರ ಕೆಎಫ್‌ಸಿ ಜಾಹೀರಾತಿನ ಪ್ರಭಾವದಿಂದ ಹುರಿದ ಕೋಳಿಯೇ ಹಬ್ಬದೂಟ. ಕಂಪನಿ ಕಟ್ಟಿದ ಸಂಪ್ರದಾಯ ಅಂತ ನಕ್ಕುಬಿಡಬಹುದು, ಆದರೆ ಮನೆಮಂದಿ ಒಟ್ಟಿಗೆ ತಿನ್ನೋದು ಸುಳ್ಳಲ್ವಲ್ಲ.

ನಮ್ಮಲ್ಲಿ 2014ರಿಂದ ಡಿಸೆಂಬರ್ 25 ‘ಉತ್ತಮ ಆಡಳಿತ ದಿನ’ವೂ ಹೌದು. ಸರ್ಕಾರಿ ರಜೆ ಉಳಿದಿದೆ. ಮಾಲ್ ಸಿಬ್ಬಂದಿಗೆ, ಡೆಲಿವರಿ ಹುಡುಗರಿಗೆ ಅದು ದುಡಿಮೆಯ ದಿನವೇ. ಮಂಗಳೂರಿನ ಕ್ಯಾಥೊಲಿಕ್ ಮನೆಗಳಲ್ಲಿ ಹೆಂಗಸರು ದಿನಗಟ್ಟಲೆ ಕೂತು ಕುಸ್ವಾರ್ ಮಾಡ್ತಾರೆ. ನೆವ್ರಿ, ಗುಳಿಯೊ, ತುಕ್ಡಿ ತುಂಬಿದ ತಟ್ಟೆ ಹಿಂದೂ, ಮುಸ್ಲಿಂ ನೆರೆಮನೆಗಳಿಗೂ ಹೋಗುತ್ತೆ. ಈಗ ಬೇಕರಿಯಲ್ಲಿ ಪ್ಯಾಕೆಟ್ಟೂ ಸಿಗುತ್ತೆ. ‘ಮೊದಲಿನ ರುಚಿ ಇಲ್ಲ’ ಅಂತ ಮೂಗು ಮುರಿಯುವ ಗಂಡಸರು ಒಮ್ಮೆ ಕೂತು ಬಾಚಣಿಗೆಯ ಮೇಲೆ ಎರಡು ಕಿಲೋ ಹಿಟ್ಟಿನ ಕಿಡಿಯೊ ಸುರುಳಿ ಸುತ್ತಿ ನೋಡಲಿ.